ಹಿಗ್ಗಿದ ಬಟ್ಟೆ ಮತ್ತೆ ಆಕಾರಕ್ಕೆ

ಟೀ ಶರ್ಟಿನ ಕತ್ತು ಅಗಲವಾಯಿತು, ಸ್ವೆಟರ್ ಜೋತುಬಿತ್ತು ಎಂದ ಕೂಡಲೇ ಎಲ್ಲವನ್ನೂ ಬಿಸಿನೀರಿಗೆ ಹಾಕುವುದು ಬೇಡ. ಮೊದಲು ಒಳಗಿನ ಲೇಬಲ್ ಓದಿ. ಉಣ್ಣೆಗೆ ಒಪ್ಪುವ ಹಬೆ, ಉಣ್ಣೆಯಂತೆ ಕಾಣುವ ಕೃತಕ ನೂಲಾದ ಅಕ್ರಿಲಿಕ್ಕನ್ನು ಹಾಳುಮಾಡುತ್ತದೆ. ಹತ್ತಿಗೆ ಒಗ್ಗುವ ಶಾಖ ಎಲಾಸ್ಟೇನ್ (ಹಿಗ್ಗಿ ಕುಗ್ಗುವ ಕೃತಕ ನೂಲು) ಇರುವ ಬಟ್ಟೆಯ ಆಯುಸ್ಸನ್ನೇ ಕಡಿಮೆ ಮಾಡುತ್ತದೆ.

ಲೇಬಲ್ ಕಿತ್ತುಹೋಗಿದ್ದರೆ ಹಿಗ್ಗಿದ ಜಾಗವನ್ನು ಒದ್ದೆ ಮಾಡಿ, ಕೈಯಿಂದ ಒತ್ತಾಗಿ ಕೂಡಿಸಿ, ಹಾಗೇ ಒಣಗಲು ಬಿಡಿ. ಒಣಗಿದ ಮೇಲೂ ಕೂಡಿಕೊಂಡೇ ಇದ್ದರೆ ನೂಲು ಚೆನ್ನಾಗಿದೆ, ಹೆಣಿಗೆಯ ಕುಣಿಕೆಗಳು ಮಾತ್ರ ಜಗ್ಗಿವೆ ಎಂದರ್ಥ. ಅಂಥದ್ದನ್ನು ಸರಿಮಾಡಬಹುದು. ಎಳೆದು ಬಿಟ್ಟಾಗ ಬಟ್ಟೆ ಅಲೆ ಅಲೆಯಾಗಿ ನಿಂತು, ಅದರಿಂದ ಕೂದಲಿನಂಥ ಸಣ್ಣ ಎಳೆಗಳು ಹೊರಗೆ ಇಣುಕುತ್ತಿದ್ದರೆ ಒಳಗಿನ ಎಲಾಸ್ಟೇನ್ ತುಂಡಾಗಿದೆ. ಅದಕ್ಕೆ ಯಾವ ಒಗೆತವೂ ಇಸ್ತ್ರಿಯೂ ಮದ್ದಲ್ಲ. ಹೊಲಿಗೆ ಬಿಚ್ಚಿ ಅಳತೆ ಕಿರಿದು ಮಾಡುವುದೊಂದೇ ದಾರಿ.

ಉಣ್ಣೆಯಷ್ಟು ಕ್ಷಮಿಸುವ ನೂಲು ಬೇರೆ ಇಲ್ಲ. ಅದರ ಎಳೆಯಲ್ಲಿ ಸಹಜವಾದ ಗುಂಗುರು ಇರುವುದರಿಂದ ನೆನೆದಾಗ ತನ್ನ ಜಾಗಕ್ಕೆ ಮರಳಲು ನೋಡುತ್ತದೆ. ಸುಮಾರು 30 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ 20 ನಿಮಿಷ ಅಲ್ಲಾಡಿಸದೆ ನೆನೆಸಿ. ಎತ್ತುವಾಗ ಎರಡೂ ಕೈ ಕೆಳಗೆ ಕೊಟ್ಟು ಎತ್ತಿ. ತೋಳು ಹಿಡಿದು ಎತ್ತಿದರೆ ನೀರಿನ ಭಾರಕ್ಕೇ ಅದು ಇನ್ನೂ ಉದ್ದವಾಗುತ್ತದೆ. ಹಿಂಡಬೇಡಿ; ದಪ್ಪ ಟವೆಲ್‌ನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ನಂತರ ಇನ್ನೊಂದು ಒಣ ಟವೆಲ್ ಮೇಲೆ ಹರಡಿ, ಮೈಗೆ ಸರಿಹೋಗುವ ಬೇರೊಂದು ಸ್ವೆಟರಿನ ಎದೆ, ಉದ್ದ, ತೋಳು ಅಳೆದು, ಅಂಚಿನಿಂದ ಒಳಗೆ ಬೆರಳಿನಿಂದ ತಳ್ಳುತ್ತಾ ಆ ಅಳತೆಗೆ ತನ್ನಿ. ಮುಂಗೈ ಪಟ್ಟಿ ಬಹಳ ಸಡಿಲವಾಗಿದ್ದರೆ ಅದರ ಅಂಚಿನಲ್ಲಿ ಒಂದು ನೂಲು ಪೋಣಿಸಿ ಸುರುಕು ಎಳೆದು ಕಟ್ಟಿಡಿ, ಪೂರ್ತಿ ಒಣಗಿದ ಮೇಲೆ ಆ ನೂಲು ಕಿತ್ತುಬಿಡಿ. ಒಣಗುವುದು ನೆರಳಿನಲ್ಲೇ ಆಗಲಿ, ಒಂದೆರಡು ದಿನ ಹಿಡಿದರೂ ಸರಿ. ಅವಸರದಲ್ಲಿ ಬಿಸಿನೀರು ಹಾಕಿ ಉಜ್ಜಿದರೆ ಎಳೆಯ ಮೇಲಿನ ಸಣ್ಣ ಪೊರೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕಂಬಳಿಯಂತೆ ಗಟ್ಟಿಯಾಗುತ್ತದೆ, ಆಮೇಲೆ ಹಿಂದಿನ ಸ್ಥಿತಿಗೆ ಬರುವುದಿಲ್ಲ.

ಅಕ್ರಿಲಿಕ್ ಸ್ವೆಟರಿಗೆ ಇಸ್ತ್ರಿ ಪೆಟ್ಟಿಗೆಯ ಹಬೆಯನ್ನು ಹತ್ತಿರ ತರಬೇಡಿ. ಒಮ್ಮೆ ಬಲವಾಗಿ ಹಬೆ ತಾಗಿದರೆ ಎಳೆ ಶಾಶ್ವತವಾಗಿ ಮೆತ್ತಗಾಗಿ, ಬಟ್ಟೆ ಜೀವವಿಲ್ಲದಂತೆ ನೇತಾಡುತ್ತದೆ. ಲೇಬಲ್ ಅನುಮತಿ ಕೊಟ್ಟಿದ್ದರೆ ಕಡಿಮೆ ಶಾಖದ ಡ್ರೈಯರ್ ಸಾಕು.

ಹತ್ತಿಯ ಹೆಣಿಗೆಗೆ ತಾನಾಗಿ ಮರಳುವ ಗುಣ ಕಡಿಮೆ, ಅದನ್ನು ನೀರು ಮತ್ತು ಶಾಖದಿಂದ ಕರೆತರಬೇಕು. ಲೇಬಲ್ ಒಪ್ಪಿದರೆ 60 ಡಿಗ್ರಿಯಲ್ಲಿ ಒಗೆದು ಡ್ರೈಯರ್‌ನಲ್ಲಿ ಒಣಗಿಸಿದಾಗ ಕೂಡಿಕೊಳ್ಳುತ್ತದೆ. ಆದರೆ ಟೀ ಶರ್ಟ್ ಕೂಡುವುದು ಅಗಲಕ್ಕಿಂತ ಹೆಚ್ಚಾಗಿ ಉದ್ದದಲ್ಲಿ. ಉದ್ದ ಈಗಲೇ ಸರಿಯಾಗಿದ್ದರೆ ಈ ಉಪಾಯ ಬೇಡ, ಹೊಟ್ಟೆ ಕಾಣುವಷ್ಟು ಗಿಡ್ಡವಾದೀತು. ಬಣ್ಣ ಮಾಸುವ ಅಪಾಯವೂ ಇದೆ.

ಕತ್ತು ಮಾತ್ರ ಹಿಗ್ಗಿದ್ದರೆ ಒಗೆತಕ್ಕಿಂತ ಹೊಲಿಗೆ ಮೇಲು. ನನ್ನ ಮಟ್ಟಿಗೆ ಬಾಳಿಕೆ ಬರುವ ಕೆಲಸವೆಂದರೆ ಪಟ್ಟಿಯನ್ನೇ ಬದಲಿಸುವುದು. ಹಳೆಯ ಪಟ್ಟಿ ಬಿಚ್ಚಿ, ಕತ್ತಿನ ಅಂಚಿಗೆ 4 ಮಿಲಿಮೀಟರಿನ ಉದ್ದ ಹೊಲಿಗೆ ಹಾಕಿ, ನೂಲೆಳೆದು ಬೇಕಾದ ಸುತ್ತಳತೆಗೆ ತಂದು ಹಬೆ ಕೊಡಿ. ಹೊಸ ರಿಬ್ ಬಟ್ಟೆ (ಉಬ್ಬು ಗೆರೆಗಳಿರುವ, ಚೆನ್ನಾಗಿ ಹಿಗ್ಗುವ ಹೆಣಿಗೆ) ಆ ಸುತ್ತಳತೆಯ ಶೇ. 80ರಿಂದ 85ರಷ್ಟಿರಲಿ, ಕತ್ತು 50 ಸೆಂ.ಮೀ. ಇದ್ದರೆ ಪಟ್ಟಿ 42 ಸೆಂ.ಮೀ., ಜೋಡಣೆಗೆ 1.5 ಸೆಂ.ಮೀ. ಬೇರೆ. ಅಗಲ 5 ಸೆಂ.ಮೀ. ಕತ್ತರಿಸಿ ಮಡಿಚಿದರೆ ಹೊಲಿದ ಮೇಲೆ 2 ಸೆಂ.ಮೀ.ಗಿಂತ ಸ್ವಲ್ಪ ಕಡಿಮೆ ಕಾಣುತ್ತದೆ. ಕತ್ತರಿಸಿದ ಪಟ್ಟಿಯ ತುದಿಗಳನ್ನು ಕೈಯಲ್ಲಿ ಹಿಡಿದು, ಹಿಗ್ಗಿಸಿ ತಲೆಗೆ ಹಿಡಿಸುತ್ತದೆಯೇ ಎಂದು ನೋಡಿ, ನಂತರವೇ ಜೋಡಿಸಿ. ಪಟ್ಟಿ ಮತ್ತು ಕತ್ತು ಎರಡಕ್ಕೂ ನಾಲ್ಕು ಸಮಭಾಗಗಳಲ್ಲಿ ಗುರುತು ಹಾಕಿ ಪಿನ್ ಮಾಡಿ. ಹೊಲಿಯುವಾಗ ಪಟ್ಟಿಯನ್ನು ಮಾತ್ರ ಎಳೆಯಿರಿ. ಅಂಗಿಯನ್ನೂ ಎಳೆದರೆ ಕತ್ತು ಅಲೆಯಾಗುತ್ತದೆ. ಕಿರಿದಾದ ಜಿಗ್‌ಜಾಗ್ ಮತ್ತು ಮೊನೆ ದುಂಡಗಿರುವ ಸೂಜಿ ಬಳಸಿ. ನೇರ ಹೊಲಿಗೆ ಹಾಕಿದರೆ ಮೊದಲ ಸಲ ತಲೆ ತೂರಿಸುವಾಗಲೇ ಪಟ್ಟೆಂದು ನೂಲು ಹರಿಯುತ್ತದೆ.

ಹ್ಯಾಂಗರಿಗೆ ತೂಗಿ ಭುಜ ಜಗ್ಗಿದ್ದರೆ, ಭುಜದ ಹೊಲಿಗೆಯ ಒಳಬದಿಗೆ ಹಿಗ್ಗದ ಹತ್ತಿ ಟೇಪನ್ನು ಸರಿಯಾದ ಅಳತೆಗೆ ಕತ್ತರಿಸಿ, ಬಟ್ಟೆಯನ್ನು ಅದಕ್ಕೆ ಕೂಡಿಸಿ ಹೊಲಿಯಿರಿ.

ಸೊಂಟದ ಲಾಸ್ಟಿಕ್ ಸತ್ತ ಪ್ಯಾಂಟಿಗೆ ಹೊಸ ಲಾಸ್ಟಿಕ್ಕೇ ಗತಿ, ಅದರ ರಬ್ಬರು ಒಣಗಿ ಒಡೆದ ಮೇಲೆ ಜೀವ ಬರುವುದಿಲ್ಲ. ಲಾಸ್ಟಿಕ್ ಬಟ್ಟೆಯ ಕೊಳವೆಯೊಳಗೆ ಸುಮ್ಮನೆ ತೂರಿಸಿದ್ದಾದರೆ ಒಳಹೊಲಿಗೆಯನ್ನು 5 ಸೆಂ.ಮೀ. ಬಿಚ್ಚಿ, ಹಳೆಯದನ್ನು ಕತ್ತರಿಸಿ, ಅದರ ಒಂದು ತುದಿಗೆ ಹೊಸದನ್ನು ಸೇಫ್ಟಿ ಪಿನ್ನಿನಿಂದ ಕಟ್ಟಿ ಇನ್ನೊಂದು ತುದಿ ಎಳೆಯಿರಿ. ಹಳೆಯದು ಹೊರಬರುತ್ತಾ ಹೊಸದು ಒಳಹೋಗುತ್ತದೆ. ಹೊಸದರ ಬಾಲವನ್ನು ಬಟ್ಟೆಗೆ ಪಿನ್ ಮಾಡಿಟ್ಟಿರಿ, ಇಲ್ಲದಿದ್ದರೆ ಅದೂ ಒಳಗೆ ನುಸುಳಿ ಕಾಣೆಯಾಗುತ್ತದೆ. ಉದ್ದ ಸೊಂಟದ ಅಳತೆಗಿಂತ 5ರಿಂದ 8 ಸೆಂ.ಮೀ. ಕಡಿಮೆ, ಮೇಲೆ ಮೇಲೆ ಜೋಡಿಸಲು 2 ಸೆಂ.ಮೀ. ಹೆಚ್ಚು. ಅಗಲ ಕೊಳವೆಗಿಂತ 2–3 ಮಿಲಿಮೀಟರ್ ಕಡಿಮೆ ಇರಲಿ. ತೀರ ಕಡಿಮೆಯಾದರೆ ಒಳಗೇ ತಿರುಚಿಕೊಳ್ಳುತ್ತದೆ. ಲಾಸ್ಟಿಕ್ಕಿನ ಮೇಲೆಯೇ ಮೂರು ನಾಲ್ಕು ಸಾಲು ಹೊಲಿಗೆ ಓಡಿದ್ದರೆ ಅದನ್ನು ಬಿಚ್ಚುವ ಕಷ್ಟ ಬೇಡ. ಪ್ಯಾಂಟು ಸೊಂಟದಲ್ಲಿ ಸಾಕಷ್ಟು ಎತ್ತರವಿದ್ದರೆ ಆ ಪಟ್ಟಿಯನ್ನೇ ಕತ್ತರಿಸಿ ಹೊಸ ಕೊಳವೆ ಮಡಿಚಿ. ಎರಡರಲ್ಲೂ ಲಾಸ್ಟಿಕ್ಕಿನ ತುದಿಗಳನ್ನು ಮೊದಲು ಪಿನ್ನಿನಲ್ಲೇ ಸೇರಿಸಿ, ತೊಟ್ಟು, ಕುಳಿತು, ಬಗ್ಗಿ ನೋಡಿ, ಹಿತವಾಗಿದೆ ಎನಿಸಿದ ಮೇಲಷ್ಟೇ ಹೊಲಿಗೆ ಹಾಕಿ ಬಾಯಿ ಮುಚ್ಚಿ.