ಖಾಲಿ ಮೂಲೆ

ರಾತ್ರಿಯ ಆಟಕ್ಕೆ ತಮ್ಮ ಕರೆದುಕೊಂಡು ಹೋಗಿದ್ದ. 2020ರ ಸಿನಿಮಾ, ‘ದಿ ಇನ್‌ವಿಸಿಬಲ್ ಮ್ಯಾನ್’. ಶುರುವಿನಲ್ಲೇ ಹೆಂಗಸೊಬ್ಬಳು ನಡುರಾತ್ರಿ ಸಂಗಾತಿಯ ಪಕ್ಕದಿಂದ ಎದ್ದು ಮನೆಬಿಟ್ಟು ಹೊರಡುತ್ತಾಳೆ. ಅವನಿಗೆ ಮತ್ತಿನ ಮಾತ್ರೆ ಕೊಟ್ಟಾಗಿದೆ, ಆದರೂ ಜೋರಾಗಿ ಉಸಿರಾಡಲು ಹೆದರುತ್ತಾಳೆ. ನಾಯಿ ಕಾರಿಗೆ ತಾಗಿ ಅಲಾರಾಂ ಹೊಡೆದುಕೊಂಡಾಗ ನಾನು ತಮ್ಮನ ಮುಂಗೈ ಗಟ್ಟಿಯಾಗಿ ಹಿಡಿದುಬಿಟ್ಟೆ.

“ಅಕ್ಕಾ, ಇನ್ನೂ ಏನೂ ಆಗೇ ಇಲ್ವಲ್ಲೇ!” ಅಂದ.

ನಿಜ. ದೆವ್ವವಿಲ್ಲ, ರಕ್ತವಿಲ್ಲ. ಆದರೆ ಆ ನಡಿಗೆ ನನಗೆ ಗೊತ್ತು. ಯಾವ ಬಾಗಿಲು ಕಿರುಗುಟ್ಟುತ್ತದೆ, ಯಾರ ಕೆಮ್ಮಿನಲ್ಲಿ ಸಿಟ್ಟಿದೆ ಎಂದು ಅಳೆಯುತ್ತಾ ಬದುಕಿದವರಿಗೆಲ್ಲ ಗೊತ್ತು. ಎಚ್.ಜಿ. ವೆಲ್ಸ್ 1897ರಲ್ಲಿ ಬರೆದ ಕಾದಂಬರಿ ಅದೃಶ್ಯನಾದವನ ಕತೆ. ನಿರ್ದೇಶಕ ಲೀ ವ್ಯಾನೆಲ್ ಅದನ್ನು ಅವನಿಂದ ತಪ್ಪಿಸಿಕೊಂಡವಳ ಕತೆ ಮಾಡಿದ. ಕ್ಯಾಮೆರಾ ಆಗಾಗ ಸುಮ್ಮನೆ ಖಾಲಿ ಮೂಲೆಯ ಕಡೆ ತಿರುಗುತ್ತದೆ. ಅಲ್ಲಿ ಯಾರೂ ಕಾಣುವುದಿಲ್ಲ. ನಾವು ನೋಡುತ್ತಲೇ ಇರುತ್ತೇವೆ.

ಸತ್ತನೆಂದು ಎಲ್ಲರೂ ನಂಬಿದವನು ಇಲ್ಲೇ ಇದ್ದಾನೆ ಎಂದು ಅವಳು ಹೇಳಿದಾಗ ಸುತ್ತಲಿನವರು ಸಮಾಧಾನ ಮಾಡುತ್ತಾರೆ. ಒಳ್ಳೆಯವರೇ, ಪಾಪ. ನನಗೆ ಅದೃಶ್ಯನಿಗಿಂತ ಆ ಸಮಾಧಾನವೇ ಹೆಚ್ಚು ಭಯ ಹುಟ್ಟಿಸಿತು.

ವಾಪಸು ಬರುವಾಗ ತಮ್ಮ, “ಸಿನಿಮಾದವರು ಸ್ವಲ್ಪ ಅತಿ ಮಾಡ್ತಾರೆ” ಅಂದ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜನ್ನು ನಾನು ಹೇಳಿದೆ: ಜಗತ್ತಿನ ಸುಮಾರು ಮೂವರು ಹೆಂಗಸರಲ್ಲಿ ಒಬ್ಬಳು ಒಮ್ಮೆಯಾದರೂ ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾದವಳು, ಬಹುಪಾಲು ಸಂಗಾತಿಯಿಂದಲೇ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ರೇಡಿಯೋ ಹಾಕಿದ.

ನನ್ನನ್ನು ಕಟ್ಟಡದ ಮುಂದೆ ಇಳಿಸಿ ಹೋದ. ಲಿಫ್ಟಿನ ಬಾಗಿಲು ಮುಚ್ಚುವಷ್ಟರಲ್ಲಿ ಒಂದು ಕೈ ಅಡ್ಡ ಬಂತು. ಗುರುತಿಲ್ಲದ ಗಂಡಸು, ಹೆಗಲಿಗೆ ಚೀಲ. ನನ್ನ ಮನೆ ನಾಲ್ಕನೆಯ ಮಹಡಿ. ಬೆರಳು ತಾನಾಗಿ ಆರನ್ನು ಒತ್ತಿತು. ಫೋನ್ ಕಿವಿಗಿಟ್ಟು, “ಬಂದೆ, ಬಾಗಿಲು ತೆಗಿ” ಅಂದೆ. ಆ ಕಡೆ ಯಾರೂ ಇರಲಿಲ್ಲ. ಫೋನ್ ಸಿನಿಮಾ ಮುಗಿಯುವ ಮೊದಲೇ ಸತ್ತಿತ್ತು. ಬಾಗಿಲ ಉಕ್ಕಿನಲ್ಲಿ ಅವನ ಮಸುಕು ನೆರಳನ್ನೇ ನೋಡುತ್ತಾ ನಿಂತೆ. ಮೂರನೆಯ ಮಹಡಿಯಲ್ಲಿ ಅವನು ಆಕಳಿಸುತ್ತಾ ಇಳಿದುಹೋದ. ಪಾಪ, ಅವನಿಗೆ ನಿದ್ದೆ.

ಆರರವರೆಗೆ ಹೋದೆ. ಮೆಟ್ಟಿಲ ಬಾಗಿಲಲ್ಲಿ ನಿಂತು ಕೆಳಗೆ ಹೆಜ್ಜೆ ಸಪ್ಪಳವಿದೆಯೇ ಎಂದು ಕೇಳಿಸಿಕೊಂಡೆ. ಚಪ್ಪಲಿ ಕೈಯಲ್ಲಿ ಹಿಡಿದು ಎರಡು ಮಹಡಿ ಇಳಿದೆ. ಒಳಗೆ ಹೋಗಿ ಚಿಲಕ ಹಾಕಿ, ಹಾಕಿದೆನೇ ಎಂದು ಎಳೆದು ನೋಡಿ, ಫೋನನ್ನು ಚಾರ್ಜಿಗಿಟ್ಟೆ. ಜೀವ ಬಂದ ಕೂಡಲೇ ಅದು ರಿಂಗಾಯಿತು.

“ತಲುಪಿದ್ಯಾ? ಯಾಕೆ ಫೋನ್ ಆಫ್? ಏನಾದ್ರೂ ಆಯ್ತಾ?” ತಮ್ಮ.

ಏನೆಂದು ಹೇಳಲಿ?

“ಏನೂ ಆಗ್ಲಿಲ್ಲ, ಮಲ್ಕೋ” ಅಂದೆ.