ಬೋರ್ ನೀರು, ಬಿರುಬೇಸಿಗೆ ಮತ್ತು ಅಕ್ವೇರಿಯಂ ತಳದ ಹಸಿರು ಹಾಸು

ವಿಜಯಪುರ, ಬಾಗಲಕೋಟೆ ಕಡೆ ಅಕ್ವೇರಿಯಂಗೆ ಕಾರ್ಪೆಟ್ ಗಿಡ, ಅಂದರೆ ತಳದಲ್ಲಿ ಹಾಸಿನಂತೆ ಹಬ್ಬುವ ಗಿಡ, ಹಚ್ಚುವುದಾದರೆ ದೀಪಾವಳಿ ಮುಗಿದ ಮೇಲೆ ಹಚ್ಚಬೇಕು. ಯುಗಾದಿ ಹೊತ್ತಿಗೆ ಬೇರುಬಿಟ್ಟು ತಳ ಮುಚ್ಚಿರುವ ಗಿಡ ಬೇಸಿಗೆಯನ್ನು ಹೇಗೋ ತಾಳಿಕೊಳ್ಳುತ್ತದೆ. ಮಾರ್ಚ್‌ನಲ್ಲಿ ಹಚ್ಚಿದ ಎಳೆಗಿಡಕ್ಕೆ ಆ ಶಕ್ತಿ ಇರುವುದಿಲ್ಲ. ನೀರು 30 ಡಿಗ್ರಿ ದಾಟಿತೆಂದರೆ ಅದರಲ್ಲಿ ಕರಗುವ ಇಂಗಾಲದ ಡೈಆಕ್ಸೈಡೂ ಕಡಿಮೆ, ಆಮ್ಲಜನಕವೂ ಕಡಿಮೆ. ಗಿಡ ಉಸಿರಾಡಿ ಖರ್ಚು ಮಾಡುವುದು ಮಾತ್ರ ಹೆಚ್ಚು. ಎಲೆ ಕರಗುತ್ತದೆ, ಕರಗಿದ ಎಲೆಯ ಮೇಲೆ ಪಾಚಿ ಕೂರುತ್ತದೆ. ಬೆಳಗಾವಿಯವರಿಗೆ ಈ ತಾಪತ್ರಯ ಅಷ್ಟಿಲ್ಲ, ಅವರು ಜೂನ್‌ನಲ್ಲೂ ಶುರು ಮಾಡಬಹುದು.

ಎರಡನೆಯ ತೊಡಕು ನೀರಿನದು. ಇಲ್ಲಿ ಬಹಳಷ್ಟು ಬೋರ್‌ಗಳ ನೀರು ಗಡಸು, ಕೊಡದ ಒಳಗೆ ಬಿಳಿ ಪದರ ಕಟ್ಟುವಂಥದ್ದು. ಟಿಡಿಎಸ್ ಮೀಟರ್ ನಂಬಿ ಕೂರಬೇಡಿ. ಅದು ಉಪ್ಪು, ಸುಣ್ಣ ಎಲ್ಲವನ್ನೂ ಕೂಡಿಸಿ ಹೇಳುತ್ತದೆ. ಹನಿ ಹಾಕಿ ನೋಡುವ ಜಿಎಚ್ (ಒಟ್ಟು ಗಡಸುತನ), ಕೆಎಚ್ (ಕಾರ್ಬೊನೇಟ್ ಗಡಸುತನ) ಟೆಸ್ಟ್ ಕಿಟ್ ತರಿಸಿಕೊಳ್ಳಿ. ಜಿಎಚ್ 24 ಬಂತೆನ್ನಿ: ಒಂದು ಪಾಲು ಬೋರ್ ನೀರಿಗೆ ಮೂರು ಪಾಲು ಆರ್‌ಒ ನೀರು ಬೆರೆಸಿದರೆ 6ರ ಸುಮಾರಿಗೆ ಇಳಿಯುತ್ತದೆ, ಅಷ್ಟು ಸಾಕು. ಊರ ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರಿನ ಕ್ಯಾನ್ ತಂದರೆ ಕೆಲಸ ಆಗುತ್ತದೆ, ಆದರೆ ಆ ನೀರನ್ನೂ ಒಮ್ಮೆ ಪರೀಕ್ಷಿಸಿ. ಘಟಕದ ಸೋಸುವ ಪೊರೆ (ಮೆಂಬ್ರೇನ್) ಸವೆದಿದ್ದರೆ ಅದೂ ಗಡಸೇ ಇರುತ್ತದೆ. ಆವಿಯಾಗಿ ಇಳಿದ ನೀರಿನ ಬದಲಿಗೆ ಮಾತ್ರ ಬರೀ ಆರ್‌ಒ ನೀರೇ ಹಾಕಿ. ಸುಣ್ಣ ಆವಿಯಾಗುವುದಿಲ್ಲ. ಪ್ರತಿಸಲ ಬೋರ್ ನೀರು ಸುರಿಯುತ್ತ ಹೋದರೆ ತಿಂಗಳೊಪ್ಪತ್ತಿನಲ್ಲಿ ಗಡಸುತನ ಮೊದಲಿನದಕ್ಕಿಂತ ಮೇಲೇರಿರುತ್ತದೆ.

ಕಲ್ಲು ಆರಿಸುವಾಗಲೂ ಇದೇ ಲೆಕ್ಕ. ಬಾಗಲಕೋಟೆ ಸುತ್ತಲಿನ ಸುಣ್ಣದ ಕಲ್ಲು ನೋಡಲು ಚಂದ, ಟ್ಯಾಂಕಿಗೆ ಬೇಡ. ಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟಾಗ ಬುರುಬುರು ನೊರೆ ಬಂದರೆ ಅದನ್ನು ಅಲ್ಲೇ ಬಿಡಿ. ಇಳಕಲ್ ಕೆಂಪು ಗ್ರಾನೈಟಿನ ಚೂರುಗಳು ನಿರಪಾಯ, ಕಲ್ಲು ಕೊಯ್ಯುವಲ್ಲಿ ಕೇಳಿದರೆ ಸಿಗುತ್ತವೆ. ಎರಿ ಮಣ್ಣು ಫಲವತ್ತಾದದ್ದು ಎಂದು ತಳಕ್ಕೆ ಹಾಕುವ ಯೋಚನೆ ಬಿಟ್ಟುಬಿಡಿ. ನೀರು ತಾಗಿದರೆ ಉಬ್ಬುತ್ತದೆ, ಬೇರಿಗೆ ಗಾಳಿ ಬಿಡುವುದಿಲ್ಲ, ಒಳಗೆ ಸುಣ್ಣದ ಹರಳು ಬೇರೆ. ಕದಡಿದರೆ ವಾರವಾದರೂ ತಿಳಿಯಾಗದು.

ಈಗ ಗಿಡ. ಮಾಂಟೆ ಕಾರ್ಲೊ ನಮ್ಮ ಕಡೆಗೆ ಒಳ್ಳೆಯ ಆಯ್ಕೆ, ಇಂಗಾಲದ ಡೈಆಕ್ಸೈಡ್ ಅನಿಲ ಕೊಡುವುದಾದರೆ. ಕ್ಯೂಬಾ ಎಂದು ಮಾರುವ ಹೆಮಿಯಾಂಥಸ್ ಇನ್ನೂ ಸಣ್ಣ ಎಲೆಯದು, ನೋಟಕ್ಕೆ ಮೇಲು, ಆದರೆ ಬಿಸಿ ತಡೆಯುವುದಿಲ್ಲ. ಅನಿಲದ ಗೋಜೇ ಬೇಡ ಎನ್ನುವವರಿಗೆ ಡ್ವಾರ್ಫ್ ಸ್ಯಾಜಿಟೇರಿಯಾ: ಗಡಸು ನೀರಿಗೂ ಒಗ್ಗುತ್ತದೆ, ಹಂಬು ಬಿಟ್ಟು ತಾನೇ ಹಬ್ಬುತ್ತದೆ, ಎತ್ತರ ಮಾತ್ರ ತುಸು ಹೆಚ್ಚು.

2 ಅಡಿ ಉದ್ದ, ಅಡಿ ಅಗಲದ ಟ್ಯಾಂಕಿಗೆ ಅಕ್ವಾ ಸಾಯಿಲ್ (ಅಕ್ವೇರಿಯಂ ಗಿಡಕ್ಕೆಂದೇ ಮಾರುವ ಕಾಳು ಕಾಳಾದ ಮಣ್ಣು) 9 ಲೀಟರಿನ ಒಂದು ಚೀಲ ಸಾಕು. ಮುಂದೆ 3 ಸೆಂಟಿಮೀಟರ್, ಹಿಂದೆ 6 ಸೆಂಟಿಮೀಟರ್ ಇಳಿಜಾರಾಗಿ ಹರಡಿ. ತೊಳೆಯಬೇಡಿ, ಕಾಳು ಒಡೆದು ಕೆಸರಾಗುತ್ತದೆ. ಟಿಶ್ಯೂ ಕಲ್ಚರ್ ಗಿಡದ, ಅಂದರೆ ಲ್ಯಾಬಿನಲ್ಲಿ ಜೆಲ್ಲಿಯಲ್ಲಿ ಬೆಳೆಸಿದ ಗಿಡದ, ಎರಡು ಮೂರು ಕಪ್ ಬೇಕು. ಬೇರಿಗೆ ಅಂಟಿದ ಜೆಲ್ಲಿಯನ್ನು ಪೂರ್ತಿ ತೊಳೆಯಿರಿ, ಉಳಿದರೆ ಬೂಸ್ಟು ಹಿಡಿಯುತ್ತದೆ. ಗಿಡವನ್ನು ಹೆಬ್ಬೆರಳಿನ ಉಗುರಿನಷ್ಟು ಸಣ್ಣ ಗುಂಪುಗಳಾಗಿ ಬಿಡಿಸಿ, ಉದ್ದ ಮೂತಿಯ ಚಿಮಟದಿಂದ ಬೇರಿನ ತುದಿ ಹಿಡಿದು ಓರೆಯಾಗಿ ಒಳಗಿಳಿಸಿ. ಚಿಮಟವನ್ನು ಒಳಗೇ ಸ್ವಲ್ಪ ಸಡಿಲಿಸಿ, ಅಲುಗಿಸುತ್ತ ಹೊರಗೆಳೆದರೆ ಗಿಡ ಅಲ್ಲೇ ಉಳಿಯುತ್ತದೆ. ನೇರಕ್ಕೆ ಎತ್ತಿದರೆ ಜೊತೆಗೇ ಬರುತ್ತದೆ. ಮೇಲೆ ಎಲೆಯ ತುದಿ ಮಾತ್ರ ಕಾಣಬೇಕು. ಗುಂಪಿನಿಂದ ಗುಂಪಿಗೆ 2ರಿಂದ 3 ಸೆಂಟಿಮೀಟರ್ ಅಂತರ. ಇದಕ್ಕೆ ಎರಡು ತಾಸು ಕೂರುವ ತಾಳ್ಮೆ ಬೇಕು. ಕಪ್ಪಿನಲ್ಲಿ ಬಂದದ್ದನ್ನು ಹಾಗೇ ಊರಿದರೆ ನಡುವೆ ಕೊಳೆತು ಅಂಚಷ್ಟೇ ಉಳಿಯುತ್ತದೆ.

ನೀರು ತುಂಬುವ ಮೊದಲೇ ಗಿಡ ಹಬ್ಬಿಸುವ ಡ್ರೈ ಸ್ಟಾರ್ಟ್ ಪದ್ಧತಿ ಚಳಿಗಾಲಕ್ಕೆ ಹೊಂದುತ್ತದೆ. ಮಣ್ಣು ತೊಯ್ದಿರಬೇಕು, ಮೇಲೆ ನೀರು ನಿಂತಿರಬಾರದು. ಟ್ಯಾಂಕಿನ ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ದಿನಕ್ಕೆ 10 ತಾಸು ಬೆಳಕು ಕೊಟ್ಟು, ದಿನಾ ಐದು ನಿಮಿಷ ತೆಗೆದಿಟ್ಟು ನೀರು ಸಿಂಪಡಿಸಿ. ಆರರಿಂದ ಎಂಟು ವಾರ ಬೇಕು. ನೀರು ತುಂಬಿದ ದಿನದಿಂದಲೇ ಅನಿಲ ಹೆಚ್ಚಾಗಿ ಕೊಡದಿದ್ದರೆ ಗಾಳಿಯಲ್ಲಿ ಬೆಳೆದ ಎಲೆಗಳು ಸಾಲಾಗಿ ಹಳದಿಯಾಗುತ್ತವೆ.

ಅನಿಲಕ್ಕೆ ಸಿಲಿಂಡರ್ ಇಲ್ಲದಿದ್ದರೆ ಸಿಟ್ರಿಕ್ ಆಸಿಡ್ ಮತ್ತು ಅಡುಗೆ ಸೋಡಾದ ಎರಡು ಬಾಟಲಿ ಕಿಟ್ ನಡೆಯುತ್ತದೆ, ತಲಾ 200 ಗ್ರಾಂ. ಬೆಲ್ಲ ಮತ್ತು ಯೀಸ್ಟಿನದ್ದು ಬೇಡ: ಸೆಕೆಗೆ ಒಮ್ಮೆಲೇ ಉಕ್ಕುತ್ತದೆ, ಚಳಿಗೆ ಮಲಗುತ್ತದೆ. ಸೆಕೆಂಡಿಗೊಂದು ಗುಳ್ಳೆಯಿಂದ ಶುರು ಮಾಡಿ. ಲೈಟ್ ಹಚ್ಚುವ ಎರಡು ತಾಸು ಮೊದಲು ತೆರೆದು, ಆರಿಸುವ ಒಂದು ತಾಸು ಮೊದಲು ಮುಚ್ಚಿ. ಡ್ರಾಪ್ ಚೆಕರ್ (ನೀರಿನಲ್ಲಿ ಅನಿಲ ಎಷ್ಟಿದೆ ಎಂದು ಬಣ್ಣದಿಂದ ತೋರಿಸುವ ಪುಟ್ಟ ಗಾಜಿನ ಬುರುಡೆ) ತಿಳಿಹಸಿರು ತೋರಿಸಬೇಕು. ನೀಲಿ ಇದ್ದರೆ ಸಾಲದು, ಹಳದಿಯಾದರೆ ಅನಿಲ ಅತಿಯಾಗಿ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಬೆಳಕು ಮೊದಲ ತಿಂಗಳು 6 ತಾಸು, ಆಮೇಲೆ 8.

ಹೊಸ ಅಕ್ವಾ ಸಾಯಿಲ್ ಅಮೋನಿಯಾ ಬಿಡುತ್ತದೆ. ಮೊದಲ ವಾರ ದಿನಾ ಅರ್ಧ ನೀರು ಬದಲಿಸಿ, ಎರಡನೇ ವಾರ ದಿನ ಬಿಟ್ಟು ದಿನ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರುವವರೆಗೆ ಮೀನು ಬೇಡ. ಕಂದು ಪಾಚಿ ಬಂದರೆ ಒರೆಸಿದರಾಯಿತು, ತಾನೇ ಹೋಗುತ್ತದೆ.

ಬೇಸಿಗೆಯಲ್ಲಿ ಗಾಜಿನ ಮುಚ್ಚಳ ತೆಗೆದು, ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಒಂದನ್ನು ನೀರಿನ ಮೇಲ್ಮೈಗೆ ಓರೆಯಾಗಿ ಗಾಳಿ ಬೀಸುವಂತೆ ಕಟ್ಟಿ. ನಮ್ಮ ಗಾಳಿ ಒಣ, ಅದಕ್ಕೇ ಈ ಉಪಾಯ ಇಲ್ಲಿ ಚೆನ್ನಾಗಿ ಫಲಿಸುತ್ತದೆ: ಮೂರು ನಾಲ್ಕು ಡಿಗ್ರಿ ಇಳಿಯುತ್ತದೆ. ಲೈಟ್ ಉರಿಸುವ ಹೊತ್ತನ್ನು ಸಂಜೆಗೆ ಬದಲಿಸಿ. ಕರೆಂಟ್ ಹೋದಾಗ ಇನ್ವರ್ಟರ್‌ಗೆ ಲೈಟ್ ಬೇಡ, ಫಿಲ್ಟರ್ ಮತ್ತು ಫ್ಯಾನ್ ಸಾಕು.

ಹಾಸು 3 ಸೆಂಟಿಮೀಟರ್ ದಪ್ಪ ಆಯಿತೆಂದರೆ ಬಾಗಿದ ಕತ್ತರಿಯಿಂದ ಒಂದೂವರೆಗೆ ಇಳಿಸಲೇಬೇಕು. ಬಹಳ ಜನ ಇಲ್ಲಿ ಕೈ ಹಿಂಜರಿಯುತ್ತಾರೆ. ಕತ್ತರಿಸದಿದ್ದರೆ ಅಡಿಯ ಪದರಕ್ಕೆ ಬೆಳಕು ಸಿಗದೆ ಕಾಂಡ ಕೊಳೆಯುತ್ತದೆ, ಒಂದು ದಿನ ಇಡೀ ಹಾಸು ಗುಳ್ಳೆಗಳ ಸಮೇತ ಎದ್ದು ತೇಲುತ್ತದೆ. ಎದ್ದದ್ದನ್ನು ಒತ್ತಿ ಕೂರಿಸಲು ಹೋಗಬೇಡಿ. ಮೇಲಿನ ಹಸಿರು ತುದಿಗಳನ್ನಷ್ಟೇ ಕತ್ತರಿಸಿ ಮತ್ತೆ ಊರಿ, ಕೆಳಗಿನ ಕಂದು ಭಾಗ ಹೊರಗೆ ಎಸೆಯಿರಿ. ಕತ್ತರಿಸುವಾಗ ಫಿಲ್ಟರ್ ನಿಲ್ಲಿಸಿ, ತೇಲುವ ಚೂರುಗಳನ್ನು ಬಲೆಯಿಂದ ಎತ್ತಿದ ಮೇಲೆ ಚಾಲೂ ಮಾಡಿ.