ಹಾವು ಕಂಡಾಗ ಮೊದಲು ಕರೆಯಬೇಕಾದದ್ದು ನಾಯಿಯನ್ನು

ಮನೆಯಲ್ಲಿ ನಾಯಿಗಳಿವೆ, ಹಿತ್ತಲಿಗೆ ಆಗಾಗ ಹಾವೂ ಬರುತ್ತದೆ ಎಂದು ಗೊತ್ತಾದವರೆಲ್ಲ ನನ್ನನ್ನು ಕೇಳುವ ಪ್ರಶ್ನೆ ಒಂದೇ: ‘ವಿಷದ ಹಾವು ಕಂಡರೆ ಏನು ಮಾಡುತ್ತೀರಿ?’ ಕೇಳುವವರ ಮನಸ್ಸಿನಲ್ಲಿ ಕೋಲು, ಚೀಲ, ಹಾವು ಓಡಿಸುವ ಪುಡಿ ಇಂಥವೇ ಇರುತ್ತವೆ. ನಾನು ಮಾಡುವುದು ಬೇರೆ. ನಾಯಿಗಳನ್ನು ಒಳಗೆ ಕರೆದು ಬಾಗಿಲು ಹಾಕುತ್ತೇನೆ. ಹಾವಿನ ವಿಚಾರ ಆಮೇಲೆ.

ಹಾವಿಗೆ ನಾಯಿಯಿಂದ ಆಗಬೇಕಾದದ್ದು ಏನೂ ಇಲ್ಲ. ನುಂಗಲಾಗದ ಪ್ರಾಣಿಯ ಮೇಲೆ ವಿಷ ಖರ್ಚು ಮಾಡುವುದು ಅದಕ್ಕೆ ನಷ್ಟವೇ. ಇಲಿಯನ್ನೋ ಕಪ್ಪೆಯನ್ನೋ ಅರಸಿ ಬಂದಿರುತ್ತದೆ, ದಾರಿ ಬಿಟ್ಟರೆ ತಾನಾಗಿ ಹೊರಟುಹೋಗುತ್ತದೆ. ದಾರಿ ಕಟ್ಟುವುದು ನಮ್ಮ ನಾಯಿ. ಮೂಗು ಚಾಚಿ ಮೂಸುತ್ತದೆ, ಮುಂಗಾಲಿನಿಂದ ಕೆದಕುತ್ತದೆ. ಕಡಿತವೂ ಹೆಚ್ಚಾಗಿ ಮೂತಿಗೆ, ಮುಂಗಾಲಿಗೇ ಬೀಳುತ್ತದೆ. ಎರಡು ನಾಯಿಗಳಿದ್ದರಂತೂ ಅಪಾಯ ಇನ್ನೂ ಹೆಚ್ಚು. ಒಂದು ಎದುರಿಗೆ ನಿಂತು ಬೊಗಳುತ್ತಿದ್ದರೆ ಇನ್ನೊಂದು ಹಿಂದಿನಿಂದ ಬಾಲಕ್ಕೆ ಬಾಯಿ ಹಾಕುತ್ತದೆ. ಒಂಟಿಯಾಗಿದ್ದರೆ ಹಿಂದೆ ಸರಿಯುತ್ತಿದ್ದ ನಾಯಿಗೂ ಜೊತೆ ಸಿಕ್ಕಾಗ ಧೈರ್ಯ ಬಂದುಬಿಡುತ್ತದೆ.

‘ನಾಯಿ ಬೊಗಳಿದರೆ ಹಾವು ಹೆದರಿ ಓಡುವುದಿಲ್ಲವೇ?’ ಎಂದೂ ಕೇಳುತ್ತಾರೆ. ಹಾವಿಗೆ ಹೊರಕಿವಿ ಇಲ್ಲ, ಆದರೆ ನೆಲದ ಕಂಪನ ಅದಕ್ಕೆ ಚೆನ್ನಾಗಿ ತಿಳಿಯುತ್ತದೆ. ಸುತ್ತಲೂ ಕಾಲುಗಳು ಕುಣಿಯುತ್ತಿದ್ದರೆ ಅದು ಓಡುವ ಬದಲು ಸುರುಳಿ ಸುತ್ತಿ ಕೂರುತ್ತದೆ ಅಥವಾ ಹೆಡೆ ಎತ್ತುತ್ತದೆ. ಹಾಗಾಗಿ ನಾಯಿಯನ್ನು ಕಾವಲಿಗೆ ಬಿಟ್ಟು ನಿಶ್ಚಿಂತೆಯಿಂದ ಇರಬಹುದು ಎಂಬ ನಂಬಿಕೆಯನ್ನು ನಾನು ಒಪ್ಪುವುದಿಲ್ಲ.

ಆದರೆ ನಾಯಿಯ ಬೊಗಳು ನಮಗೆ ಸುಳಿವು ಕೊಡುತ್ತದೆ, ಅದನ್ನು ಗುರುತಿಸಲು ಕಲಿಯಬೇಕು. ದಾರಿಹೋಕರನ್ನು ಕಂಡಾಗ ನನ್ನ ಹಿರಿಯ ನಾಯಿ ಬೇಲಿಯುದ್ದಕ್ಕೂ ಓಡಾಡುತ್ತ ಬೊಗಳುತ್ತದೆ. ಹಾವು ಕಂಡಾಗ ಹಾಗಲ್ಲ. ಒಡೆದ ಹೂಕುಂಡಗಳ ಪಕ್ಕ ಒಂದೇ ಕಡೆ ದಿಟ್ಟಿಸಿ ನಿಲ್ಲುತ್ತದೆ. ಬೆನ್ನ ಮೇಲಿನ ಕೂದಲು ನಿಮಿರಿರುತ್ತದೆ. ಒಂದು ಹೆಜ್ಜೆ ಮುಂದಿಟ್ಟು ಎರಡು ಹೆಜ್ಜೆ ಹಿಂದಕ್ಕೆ ಜಿಗಿಯುತ್ತದೆ. ಬೊಗಳು ತುಂಡು ತುಂಡಾಗಿ, ಏರಿದ ದನಿಯಲ್ಲಿ ಬರುತ್ತದೆ. ಆ ದನಿ ಕೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಹೋಗುತ್ತೇನೆ. ಕೂಗುತ್ತ ನಾಯಿಯತ್ತ ಓಡುವುದಿಲ್ಲ, ಏಕೆಂದರೆ ನಾವೂ ಬೇಟೆಗೆ ಸೇರಿಕೊಂಡೆವು ಎಂದು ಅದಕ್ಕೆ ಇನ್ನಷ್ಟು ಹುಮ್ಮಸ್ಸು ಬರುತ್ತದೆ. ಬಾಗಿಲಲ್ಲೇ ನಿಂತು ದಿನನಿತ್ಯದ ದನಿಯಲ್ಲಿ ಕರೆದು, ತಿಂಡಿಯ ಡಬ್ಬಿ ಅಲುಗಿಸಿ, ಬೆನ್ನು ತಿರುಗಿಸಿ ಒಳಗೆ ನಡೆಯುತ್ತೇನೆ.

ಇದು ಹಾವು ಬಂದ ದಿನ ಕಲಿಸುವ ಪಾಠವಲ್ಲ. ‘ಬಾ’, ‘ಬಿಡು’ ಎಂಬ ಎರಡು ಮಾತುಗಳನ್ನು ಮರಿ ಇದ್ದಾಗಿನಿಂದಲೇ ರೂಢಿ ಮಾಡಿಸಬೇಕು. ಹುಲ್ಲಿನಲ್ಲಿ ರಬ್ಬರ್ ಪೈಪಿನ ತುಂಡು ಹಾಕಿ, ನಾಯಿ ಅದನ್ನು ಮೂಸಲು ಹೊರಟಾಗ ಕರೆದು, ತಿರುಗಿ ಬಂದರೆ ಅದಕ್ಕೆ ತುಂಬ ಇಷ್ಟವಾದ ತಿನಿಸನ್ನೇ ಕೊಡುತ್ತೇನೆ. ವಿದ್ಯುತ್ ಆಘಾತ ಕೊಡುವ ಕೊರಳಪಟ್ಟಿಯಿಂದ ಹಾವಿನ ಭಯ ಹುಟ್ಟಿಸುವ ತರಬೇತಿಯೂ ಉಂಟು. ನನಗೆ ಅದು ಒಪ್ಪಿಗೆಯಿಲ್ಲ. ನೋವಿನ ನೆನಪಿಗಿಂತ ನನ್ನ ದನಿಯ ಮೇಲಿನ ನಂಬಿಕೆಯೇ ನಾಯಿಯನ್ನು ತಿರುಗಿಸಬೇಕು ಎಂಬುದು ನನ್ನ ಹಟ.

ನಾಯಿ ಒಳಗೆ ಬಂದ ಮೇಲೆ ಹಾವನ್ನು ದೂರದಿಂದ ಗಮನಿಸುತ್ತೇನೆ. ಬಹಳ ಸಲ ಅದು ಹೊರಟುಹೋಗುತ್ತದೆ. ಹೋಗದೆ ಸಂದಿಯಲ್ಲಿ ಸೇರಿಕೊಂಡರೆ ತರಬೇತಿ ಪಡೆದ ಉರಗ ರಕ್ಷಕರಿಗೆ ಫೋನ್ ಮಾಡುತ್ತೇನೆ. ಹೊಡೆಯಲು ಹೋಗುವುದು ಕಡಿಸಿಕೊಳ್ಳುವ ಸುಲಭ ದಾರಿ. ಕತ್ತರಿಸಿ ಬಿದ್ದ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು, ಅದನ್ನು ಮೊದಲು ಮೂಸುವುದು ನಾಯಿಯೇ.

ಕಚ್ಚಿದ್ದನ್ನು ಕಣ್ಣಾರೆ ಕಾಣುವುದು ಅಪರೂಪ, ಲಕ್ಷಣಗಳಿಂದಲೇ ಊಹಿಸಬೇಕಾಗುತ್ತದೆ. ಕೊಳಕುಮಂಡಲದಂಥ ಹಾವು ಕಚ್ಚಿದರೆ ಮೂತಿ ಅಥವಾ ಕಾಲು ಊದುತ್ತದೆ, ನಾಯಿ ನೋವಿನಿಂದ ನರಳುತ್ತದೆ, ಗಾಯದಿಂದ, ಒಸಡಿನಿಂದ ರಕ್ತ ಜಿನುಗಬಹುದು, ಮೂತ್ರ ಕೆಂಪಾಗಬಹುದು. ನಾಗರ ಮತ್ತು ಕಟ್ಟುಹಾವುಗಳ ವಿಷ ನರಗಳ ಮೇಲೆ ಕೆಲಸ ಮಾಡುತ್ತದೆ: ಹಿಂಗಾಲು ತಡವರಿಸುತ್ತವೆ, ರೆಪ್ಪೆ ಜೋಲುತ್ತದೆ, ಜೊಲ್ಲು ಸುರಿಯುತ್ತದೆ, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಕಟ್ಟುಹಾವು ರಾತ್ರಿ ಓಡಾಡುವ ಹಾವು, ಅದರ ಕಡಿತದಲ್ಲಿ ಊತ, ನೋವು ಎರಡೂ ಇಲ್ಲವೆನ್ನುವಷ್ಟು ಕಡಿಮೆ. ಆಸ್ಟ್ರೇಲಿಯಾದ ಕಂದು ಹಾವುಗಳು ಕಚ್ಚಿದಾಗ ನಾಯಿ ದಿಢೀರನೆ ಕುಸಿದುಬಿದ್ದು, ಮತ್ತೆ ಎದ್ದು ಏನೂ ಆಗಿಲ್ಲವೆಂಬಂತೆ ಓಡಾಡಿ, ಆಮೇಲೆ ಹದಗೆಡುವುದುಂಟು. ಆದ್ದರಿಂದ ‘ಚೇತರಿಸಿಕೊಂಡಿತಲ್ಲ, ನಾಳೆ ನೋಡೋಣ’ ಎನ್ನುವುದು ಬೇಡವೇ ಬೇಡ. ಅನುಮಾನವಿದ್ದರೂ ಹೊರಟುಬಿಡಿ.

ಹೊರಡುವ ಮೊದಲು ಮಾಡಬೇಕಾದದ್ದು ಬಹಳ ಕಡಿಮೆ. ಊತ ಏರಿ ಉಸಿರು ಕಟ್ಟದಂತೆ ಕೊರಳಪಟ್ಟಿ ಬಿಚ್ಚಿ. ನಡೆಸಬೇಡಿ, ಎತ್ತಿಕೊಂಡು ಹೋಗಿ. ನೋವಿನಲ್ಲಿರುವ ನಾಯಿ ನಿಮ್ಮನ್ನೇ ಕಚ್ಚಬಹುದು, ದಪ್ಪ ಬಟ್ಟೆ ಹೊದಿಸಿ. ಬಿಗಿಯಾಗಿ ಕಟ್ಟುವುದು, ಗಾಯ ಕೊಯ್ಯುವುದು, ವಿಷ ಹೀರುವುದು, ಐಸ್ ಇಡುವುದು ಯಾವುದೂ ಬೇಡ. ಮನುಷ್ಯರ ನೋವಿನ ಮಾತ್ರೆಯಂತೂ ಖಂಡಿತ ಬೇಡ. ಐಬುಪ್ರೊಫೇನ್, ಪ್ಯಾರಾಸಿಟಮಾಲ್ ನಾಯಿಗೆ ತಾವೇ ವಿಷವಾಗಬಲ್ಲವು. ಹಾವಿನ ಫೋಟೊ ದೂರದಿಂದ ಸಿಕ್ಕರೆ ಸರಿ, ಅದಕ್ಕಾಗಿ ಒಂದು ನಿಮಿಷವನ್ನೂ ಕಳೆಯಬೇಡಿ.

ದಾರಿಯಲ್ಲೇ ಪಶುವೈದ್ಯರಿಗೆ ಫೋನ್ ಮಾಡಿ, ವಿಷಪ್ರತಿರೋಧಕ ಔಷಧ ಇದೆಯೇ ಎಂದು ಕೇಳಿ. ನಿಜ ಹೇಳಬೇಕೆಂದರೆ, ಈ ಪ್ರಶ್ನೆಯನ್ನು ಇವತ್ತೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು. ಎಲ್ಲ ಚಿಕಿತ್ಸಾಲಯಗಳಲ್ಲೂ ಅದು ಇರುವುದಿಲ್ಲ, ರಾತ್ರಿ ಎಲ್ಲವೂ ತೆರೆದಿರುವುದಿಲ್ಲ. ದೇಹದಲ್ಲಿ ಸೇರಿದ ವಿಷವನ್ನು ನೇರವಾಗಿ ಕಟ್ಟಿಹಾಕುವ ಔಷಧ ಅದೊಂದೇ. ಫ್ರೆಂಚ್ ವೈದ್ಯವಿಜ್ಞಾನಿ ಆಲ್ಬರ್ಟ್ ಕಾಲ್ಮೆಟ್ 1890ರ ದಶಕದಲ್ಲಿ ತೋರಿಸಿಕೊಟ್ಟ ದಾರಿಯಲ್ಲೇ ಇಂದಿಗೂ ಅದನ್ನು ಹೆಚ್ಚಾಗಿ ಕುದುರೆಗಳ ರಕ್ತದಿಂದ ತಯಾರಿಸುತ್ತಾರೆ. ‘ನಮ್ಮದು ಚಿಕ್ಕ ನಾಯಿ, ಇಷ್ಟೊಂದು ಔಷಧ ಬೇಕೇ?’ ಎಂದು ಕೆಲವರು ವೈದ್ಯರ ಜೊತೆ ವಾದಕ್ಕಿಳಿಯುತ್ತಾರೆ. ಔಷಧ ಎದುರಿಸಬೇಕಾದದ್ದು ಒಳಗೆ ಸೇರಿದ ವಿಷದ ಪ್ರಮಾಣವನ್ನು, ನಾಯಿಯ ತೂಕವನ್ನಲ್ಲ. ಹಾವು ನಾಯಿಯ ಗಾತ್ರ ಅಳೆದು ಕಚ್ಚಿರುವುದಿಲ್ಲ. ವೈದ್ಯರು ರಕ್ತವನ್ನು ಗಾಜಿನ ಕೊಳವೆಯಲ್ಲಿ ತುಂಬಿ 20 ನಿಮಿಷ ಅಲುಗಿಸದೆ ಇಟ್ಟು ವಾಲಿಸಿ ನೋಡಿದರೆ ಗಾಬರಿಯಾಗಬೇಡಿ. ಅಷ್ಟು ಹೊತ್ತಾದರೂ ರಕ್ತ ನೀರಿನಂತೆ ಹರಿದರೆ, ಹೆಪ್ಪುಗಟ್ಟುವ ಶಕ್ತಿಯನ್ನು ವಿಷ ಕೆಡಿಸಿದೆ ಎಂದರ್ಥ.

ಇನ್ನು ಹಿತ್ತಲಿನ ವಿಚಾರ. ನಾಯಿ ತಿಂದು ಬಿಟ್ಟ ಕಾಳು ಕಡ್ಡಿಗೆ ಇಲಿ, ಇಲಿಯ ಹಿಂದೆ ಹಾವು. ತಟ್ಟೆಯನ್ನು ಕತ್ತಲಾಗುವ ಮೊದಲೇ ಎತ್ತಿ ತೊಳೆದಿಡುತ್ತೇನೆ. ಕಟ್ಟಿಗೆ, ಹೆಂಚು, ಕಲ್ಲುಗಳ ರಾಶಿಯನ್ನು ನಾಯಿ ಓಡಾಡುವ ಜಾಗದಿಂದ ದೂರ ಇಡುತ್ತೇನೆ, ಹುಲ್ಲನ್ನು ಬೆಳೆಯಲು ಬಿಡುವುದಿಲ್ಲ. ರಾತ್ರಿ ನಾಯಿಯನ್ನು ಬಿಡುವ ಮುನ್ನ ದೀಪ ಹಾಕಿ, ಟಾರ್ಚ್ ಹಿಡಿದು ನಾನು ಮೊದಲು ಒಂದು ಸುತ್ತು ಹೋಗಿಬರುತ್ತೇನೆ. ನುಸಿಗುಳಿಗೆ, ಕಾರ್ಬಾಲಿಕ್ ಆಮ್ಲ ಚೆಲ್ಲುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅವನ್ನು ನಂಬಿ ಹಾವಿನ ಭಯ ಬಿಡುವಂತಿಲ್ಲ, ಆದರೆ ಅವನ್ನು ನೆಕ್ಕಿದ, ತುಳಿದ ನಾಯಿಗೆ ಅಪಾಯ ಖಚಿತ.

ಒಮ್ಮೆ ಕಡಿತದಿಂದ ಬದುಕಿದ ನಾಯಿಗೆ ಮುಂದಿನ ಸಲ ವಿಷ ಏರುವುದಿಲ್ಲ ಎಂದು ಭಾವಿಸಬೇಡಿ. ಯಾವ ಔಷಧ, ಎಂದು, ಎಷ್ಟು ಕೊಟ್ಟರು ಎಂಬುದನ್ನು ಅದರ ಲಸಿಕೆ ಪುಸ್ತಕದಲ್ಲೇ ಬರೆಸಿಡಿ. ಕುದುರೆಯ ಪ್ರೋಟೀನು ಒಮ್ಮೆ ಹೊಕ್ಕ ದೇಹ ಎರಡನೆಯ ಸಲ ಅಲರ್ಜಿ ತೋರಿಸುವ ಸಾಧ್ಯತೆ ಹೆಚ್ಚು, ಸೂಜಿ ಹಾಕುವ ವೈದ್ಯರಿಗೆ ಅದು ಮೊದಲೇ ತಿಳಿದಿರಬೇಕು.